ಓನರಮ್ಮನ ನೀರಿನ ಕಾಟ

ಜಗಳೂರಿನಲ್ಲಿ ನಾವು ಬಾಡಿಗೆಗಿದ್ದಷ್ಟು ಕಾಲ ನಾನು ಒಂದು ದಿನವೂ ನೆಮ್ಮದಿಯಾಗಿ ಸ್ನಾನ ಮಾಡಲಿಲ್ಲ. ಬಚ್ಚಲಿನ ಬಾಗಿಲು ಹಾಕಿಕೊಂಡು ಮೊದಲ ಚೊಂಬು ಮೈಮೇಲೆ ಸುರಿದುಕೊಳ್ಳುವ ಹೊತ್ತಿಗೆ ಹೊರಗೆ ಚಪ್ಪಲಿಯ ಸದ್ದು ಬಂದು ನಿಲ್ಲುತ್ತಿತ್ತು. ಅದು ನಮ್ಮ ಓನರಮ್ಮ. ಅವರು ಬಾಗಿಲು ಬಡಿಯುತ್ತಿರಲಿಲ್ಲ, ಕೂಗುತ್ತಿರಲಿಲ್ಲ. ಗೋಡೆಯ ಆಚೆ ನಿಂತು ನೀರು ಬೀಳುವ ಸದ್ದು ಕೇಳುತ್ತಿದ್ದರು, ಅಷ್ಟೇ. ಅಷ್ಟೇ ಸಾಕಾಗಿತ್ತು. ತಲೆಗೆ ಹಾಕಿದ ಸೀಗೆಪುಡಿ ಪೂರ್ತಿ ಹೋಗುವ ಮುಂಚೆಯೇ ನಾನು ಟವೆಲ್ಲಿಗೆ ಕೈ ಹಾಕುತ್ತಿದ್ದೆ.

ನಾನು ಹೊನ್ನಾಳಿಯವಳು. ತವರುಮನೆಯಿಂದ ಸ್ವಲ್ಪ ಇಳಿದರೆ ತುಂಗಭದ್ರೆ. ಬಟ್ಟೆ ಒಗೆಯಲು ಹೊಳೆ, ಈಜಲು ಹೊಳೆ, ಸುಮ್ಮನೆ ಕೂತು ಕಾಲಾಡಿಸಲು ಹೊಳೆ. ನೀರು ಎನ್ನುವುದು ಗಾಳಿಯ ಹಾಗೆ ಇದ್ದೇ ಇರುತ್ತದೆ ಎಂದುಕೊಂಡು ಬೆಳೆದವಳು. ನರ್ಸಿಂಗ್ ಮುಗಿಸಿ, ಮದುವೆಯಾಗಿ, ಜಗಳೂರಿಗೆ ಪೋಸ್ಟಿಂಗ್ ಆದಾಗ ಹೆದರಿದ್ದು ಊರಿನ ಬಿಸಿಲಿಗೆ. ನೀರಿನ ಯೋಚನೆ ಬರಲೇ ಇಲ್ಲ. ನಮ್ಮ ಮನೆಯವರು ಸೊಕ್ಕೆ ಕಡೆಯ ಶಾಲೆಯೊಂದರಲ್ಲಿ ಪಿ.ಟಿ. ಮಾಸ್ತರು. ಅವರಿಗೆ ಯಾವ ಊರೂ ಒಂದೇ, ಯಾವ ಬಚ್ಚಲೂ ಒಂದೇ.

ಮನೆ ನೋಡಲು ಹೋದ ದಿನ ಓನರಮ್ಮ ನಮ್ಮ ಊರು ಕೇಳಲಿಲ್ಲ, ಸಂಬಳ ಕೇಳಲಿಲ್ಲ. ಎತ್ತರದ ಆಳು. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡು, ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ, ಜಗಳಕ್ಕೆ ಹೊರಟವರ ಹಾಗೆ ಬಾಗಿಲಲ್ಲಿ ನಿಂತಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, ತಲೆಗೂದಲಿನ ಉದ್ದದ ಮೇಲೆ ಸ್ವಲ್ಪ ಹೆಚ್ಚು ಹೊತ್ತು ಕಣ್ಣಿಟ್ಟು, ಒಂದೇ ಪ್ರಶ್ನೆ ಕೇಳಿದರು.

"ಸ್ನಾನಕ್ಕೆ ಎಷ್ಟು ಬಕೆಟ್ ಬೇಕಾಗ್ತದೆ?"

ತಮಾಷೆ ಇರಬೇಕೆಂದು ನಾನು ನಕ್ಕೆ. ನಮ್ಮ ಮನೆಯವರು ಗಂಭೀರವಾಗಿ, ಒಂದು ಸಾಕು ಎಂದರು.

"ನಿಮ್ಮನ್ನಲ್ಲ, ಅವರನ್ನ ಕೇಳಿದ್ದು."

ನಾನು ಸುಳ್ಳು ಹೇಳಿದೆ. ಅದು ಸುಳ್ಳೆಂದು ಅವರಿಗೂ ಗೊತ್ತಾಯಿತು. ಆದರೂ ಮನೆ ಕೊಟ್ಟರು. ನರ್ಸು ಅಂದರೆ ಹಗಲೆಲ್ಲ ಆಸ್ಪತ್ರೆಯಲ್ಲಿರುತ್ತಾಳೆ, ಅಷ್ಟು ನೀರು ಉಳಿಯುತ್ತದೆ ಎಂದು ಲೆಕ್ಕ ಹಾಕಿಯೇ ಕೊಟ್ಟದ್ದು. ಆಮೇಲೆ ಇದನ್ನು ಅವರೇ ಯಾವ ಸಂಕೋಚವೂ ಇಲ್ಲದೆ ನನಗೆ ಹೇಳಿದರು.

ಅದೊಂದು ವಠಾರ. ಬಾಡಿಗೆಯವರು ನಾವು, ಪಕ್ಕದಲ್ಲಿ ಚನ್ನಗಿರಿ ತಾಲ್ಲೂಕಿನ ತ್ಯಾವಣಿಗೆಯಿಂದ ಬಂದು ಮೊಬೈಲ್ ಅಂಗಡಿ ಇಟ್ಟುಕೊಂಡಿದ್ದ ನಾಗರಾಜ ಮತ್ತವನ ಹೆಂಡತಿ ರೇಖಾ, ಮೂಲೆಯ ಕೋಣೆಯಲ್ಲಿ ನ್ಯಾಮತಿಯ ಶಿವಕುಮಾರ. ಅವನು ಕೋರ್ಟಿನಲ್ಲಿ ಟೈಪಿಸ್ಟು, ಮದುವೆಯಾಗಿರಲಿಲ್ಲ. ಓನರಮ್ಮ ಇದ್ದದ್ದು ಎದುರಿನ ಭಾಗದಲ್ಲಿ, ಒಬ್ಬರೇ. ಮಗಳು ದಾವಣಗೆರೆಯಲ್ಲಿ ಸಂಸಾರ ಹೂಡಿದ್ದಳು, ಬಂದು ಹೋಗಿ ಮಾಡುತ್ತಿದ್ದಳು. ತನ್ನ ಜೊತೆ ಬಂದಿರಲು ಅವಳು ಪ್ರತಿ ಸಲವೂ ತಾಯಿಯನ್ನು ಕರೆಯುತ್ತಿದ್ದಳು. ಇವರು ಹೋದರೆ ವಾಲ್ವ್ ತಿರುಗಿಸುವವರು ಯಾರು?

ನೀರಿನ ವ್ಯವಸ್ಥೆಯೆಲ್ಲ ಅವರದೇ. ಪಟ್ಟಣದ ನಲ್ಲಿಯಲ್ಲಿ ನೀರು ಯಾವಾಗಲೋ ಒಮ್ಮೆ ಬರುವುದು. ಅದು ಬಂದ ದಿನ ಒಂದು ಸಂಪು ತುಂಬಿಸುವುದು. ಬೋರಿನ ನೀರು ಉಪ್ಪು, ಅದು ಬಟ್ಟೆಗೆ, ಪಾತ್ರೆಗೆ. ಎಲ್ಲ ಮನೆಗಳ ಚಾವಣಿಯಿಂದ ಪೈಪು ಇಳಿಸಿ ಅಂಗಳದ ಕೆಳಗೆ ಇನ್ನೊಂದು ದೊಡ್ಡ ಸಂಪು ಕಟ್ಟಿಸಿದ್ದರು. ಅದು ಮಳೆನೀರಿಗೆ. ಅದಕ್ಕೆ ಬೀಗ. ಬೇಳೆ ಬೇಯಲು ಮಾತ್ರ ಆ ನೀರು, ಅದೂ ಅವರೇ ಕೊಡಪಾನದಲ್ಲಿ ಎತ್ತಿ ಕೊಟ್ಟರೆ. ಬಟ್ಟೆ ಒಗೆದ ನೀರು ಕಕ್ಕಸಿಗೆ, ಅಕ್ಕಿ ತೊಳೆದ ನೀರು ಕರಿಬೇವಿಗೆ. ನಲ್ಲಿಯ ನೀರನ್ನು ಸಂಪಿನಿಂದ ಟ್ಯಾಂಕಿಗೆ ಏರಿಸಿ, ಅಲ್ಲಿಂದ ಮನೆಗಳಿಗೆ ಬೆಳಿಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು ನೀರು ಬಿಡುವರು. ಟ್ಯಾಂಕಿನ ಹತ್ತಿರ ಹೋಗಿ ಬೆರಳ ಗಿಣ್ಣಿನಿಂದ ಟಕಟಕ ಬಡಿದು, ಕಿವಿಗೊಟ್ಟು, ನೀರು ಎಲ್ಲಿಯವರೆಗೆ ಇದೆ ಎಂದು ತಿಳಿಯುವರು. ರೋಗಿಯ ಎದೆಯ ಮೇಲೆ ಬೆರಳಿಟ್ಟು ಬಡಿದು ನೋಡುವ ನಮ್ಮ ಡಾಕ್ಟರೂ ಅಷ್ಟು ಶ್ರದ್ಧೆಯಿಂದ ಬಡಿಯುತ್ತಿರಲಿಲ್ಲ.

ಬಾಯಲ್ಲಿ ಕೆಲವು ಮಾತುಗಳಿದ್ದವು, ದಿನಕ್ಕೊಂದು ಸಲ ಕೇಳಲೇಬೇಕು. ನಲ್ಲಿಯಲ್ಲಿ ನೀರು ಬಂತು ಎಂದು ಯಾರಾದರೂ ಕೂಗಿದರೆ, "ಬಂತು ಅನ್ಬ್ಯಾಡ್ರಿ, ತಂದ್ರು ಅನ್ರಿ. ನೀರಿಗೇನು ಕಾಲು ಅದಾವಾ?" ಎನ್ನುವರು. ಎಲ್ಲಿಯೋ ದೂರದಿಂದ ಎತ್ತಿ, ತಳ್ಳಿ, ಕರೆಂಟು ಸುಟ್ಟು ಇಲ್ಲಿಯವರೆಗೆ ತಂದವರಿದ್ದಾರೆ ಎಂಬುದು ಅದರ ಅರ್ಥ. ಅರ್ಥ ಸರಿಯೇ. ಆದರೆ ಡ್ಯೂಟಿ ಮುಗಿಸಿ, ಸೀರೆಗೆ ಡೆಟಾಲ್ ವಾಸನೆ ಅಂಟಿಸಿಕೊಂಡು ಮನೆಗೆ ಬಂದವಳಿಗೆ ಅರ್ಥ ಯಾರಿಗೆ ಬೇಕು? ಒಂದು ದಿನ ನಾನು ಸಿಟ್ಟಿನಿಂದ, ಆಸ್ಪತ್ರೆಯಿಂದ ಬಂದವರು ಸರಿಯಾಗಿ ತೊಳೆದುಕೊಳ್ಳದಿದ್ದರೆ ವಠಾರಕ್ಕೆಲ್ಲ ಸೋಂಕು ತಗಲುತ್ತದೆ, ನಾಳೆ ಏನಾದರೂ ಆದರೆ ನೀವೇ ಹೊಣೆ ಎಂದು ದೊಡ್ಡ ಭಾಷಣವನ್ನೇ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಮರುದಿನದಿಂದ ನನ್ನ ಬಚ್ಚಲ ಬಾಗಿಲಲ್ಲಿ ಬಿಸಿನೀರಿನ ಇನ್ನೊಂದು ಬಕೆಟ್ ಇರುತ್ತಿತ್ತು. ಅವರ ಸ್ವಂತ ಪಾಲಿನದು. ಅದನ್ನು ಅವರು ಹೇಳಲಿಲ್ಲ. ರೇಖಾ ನೋಡಿ ಹೇಳಿದಳು. ಇದನ್ನು ಕೇಳಿದ ಮೇಲೆ ಆ ನೀರನ್ನು ಮೈಮೇಲೆ ಹಾಕಿಕೊಳ್ಳುವುದು ಹೇಗೆ? ಹಾಕಿಕೊಳ್ಳದೆ ಬಿಡುವುದು ಹೇಗೆ? ಕೊಡುವುದನ್ನೂ ಅವರು ನೆಮ್ಮದಿಯಾಗಿ ತೆಗೆದುಕೊಳ್ಳಲು ಬಿಡುತ್ತಿರಲಿಲ್ಲ.

ಬರಗಾಲದ ಊರಿನಲ್ಲಿ ಹುಟ್ಟಿ, ಮೈಲಿಗಟ್ಟಲೆ ಕೊಡ ಹೊತ್ತು ಬೆಳೆದಿರಬೇಕು, ಅದಕ್ಕೇ ಹೀಗೆ ಎಂದು ನಾನು ಅಂದುಕೊಂಡಿದ್ದೆ. ಹಾಗೆ ಅಂದುಕೊಂಡರೆ ಸಿಟ್ಟು ಸ್ವಲ್ಪ ಕಡಿಮೆಯಾಗುತ್ತಿತ್ತು. ಒಮ್ಮೆ ಕೇಳಿಯೂ ಬಿಟ್ಟೆ.

"ಅಂಥದ್ದೇನಿಲ್ಲ ಕಣವ್ವಾ. ಕೆರೆಬಿಳಚಿ ನನ್ನ ತವರು. ಕಾಲುವೆ ನೀರಾಗೆ ಆಡಿ ಬೆಳೆದೋಳು ನಾನು," ಎಂದರು.

ಅಲ್ಲಿಗೆ ನನ್ನ ಕರುಣೆಗೂ ಜಾಗವಿಲ್ಲದಂತಾಯಿತು. ಅವರ ಯಜಮಾನರು ಬೋರ್‌ವೆಲ್ ಏಜೆಂಟರಾಗಿದ್ದರಂತೆ. ಊರಿಗೆ ಬೋರ್ ಲಾರಿ ತರಿಸಿ, ಯಾರ್ಯಾರ ಹಿತ್ತಲಿಗೋ ಹೊಲಕ್ಕೋ ಕೊರೆಸಿ ಕೊಡುವುದು ಅವರ ಕಸುಬು. ವಠಾರ ಎದ್ದದ್ದು ಅದೇ ದುಡ್ಡಿನಲ್ಲಿ. ಮೊದಮೊದಲು ಕೊಳವೆ ಇಳಿಸಿದ ಕೂಡಲೇ ನೀರು ಚಿಮ್ಮುತ್ತಿತ್ತು, ಆಮೇಲಾಮೇಲೆ ಲಾರಿ ಎರಡು ದಿನ ನಿಂತರೂ ಬರೀ ಧೂಳು ಹಾರುತ್ತಿತ್ತು ಎಂದು ಓನರಮ್ಮ ಹೇಳುತ್ತಿದ್ದರು. ಅದರಲ್ಲಿ ಪಶ್ಚಾತ್ತಾಪವೇನೂ ಕೇಳಿಸುತ್ತಿರಲಿಲ್ಲ. ಒಂದೇ ಪಾತ್ರೆಗೆ ಎಲ್ಲರೂ ಹುಲ್ಲುಕಡ್ಡಿ ಹಾಕಿ ಹೀರುತ್ತಿದ್ದೇವೆ, ಕಡ್ಡಿ ಹೆಚ್ಚಾದರೆ ಪಾತ್ರೆಯೇನು ದೊಡ್ಡದಾಗುತ್ತದಾ ಎಂದು ಕೇಳುವರು. ಉತ್ತರಕ್ಕೆ ಕಾಯುತ್ತಿರಲಿಲ್ಲ.

ಅವರು ಯಾವಾಗಲೂ ಸರಿಯೇ ಇರುತ್ತಿದ್ದರು ಎಂದಲ್ಲ. ಹಾಗಿದ್ದಿದ್ದರೆ ಸಹಿಸುವುದು ಇನ್ನೂ ಕಷ್ಟವಾಗುತ್ತಿತ್ತು. ಒಂದು ಸಲ ಟ್ಯಾಂಕು ಸಂಜೆಯಾಗುವುದರೊಳಗೆ ಖಾಲಿಯಾಗತೊಡಗಿತು. ರೇಖಾ ಹೊಸದಾಗಿ ವಾಷಿಂಗ್ ಮೆಷಿನ್ ತಂದಿದ್ದಳು. ಓನರಮ್ಮನಿಗೆ ಮೊದಲ ದಿನದಿಂದಲೂ ಆ ಮೆಷಿನ್ನಿನ ಮೇಲೆ ಕಣ್ಣು. ರೇಖಾಳೇ ಕದ್ದು ನೀರು ಹಿಡಿಯುತ್ತಿದ್ದಾಳೆ ಎಂದು ಅಂಗಳದಲ್ಲಿ ನಿಂತು ಬೈದರು. ಅವಳು ಅತ್ತಳು. ನಾಗರಾಜ ಮನೆ ಬಿಡುತ್ತೇನೆಂದ. ಬೈಗುಳ ನಿಲ್ಲಲಿಲ್ಲ, ಟ್ಯಾಂಕು ಖಾಲಿಯಾಗುವುದೂ ನಿಲ್ಲಲಿಲ್ಲ. ಕೊನೆಗೆ ನಮ್ಮ ಮನೆಯವರು ಒಂದು ಭಾನುವಾರ ಕೂತು ಒಂದೊಂದೇ ಮನೆಯ ವಾಲ್ವ್ ಮುಚ್ಚಿ ನೋಡಿದರು. ಸೋರುತ್ತಿದ್ದದ್ದು ಓನರಮ್ಮನದೇ ಬಚ್ಚಲು. ಕಮೋಡಿನ ಹಿಂದಿನ ಡಬ್ಬಿಯೊಳಗೆ ವಾಷರ್ ಹರಿದು, ನೀರು ಬಿಟ್ಟಷ್ಟು ಹೊತ್ತೂ ಸದ್ದಿಲ್ಲದೆ ಗುಂಡಿಗೆ ಹೋಗುತ್ತಿತ್ತು. ಊರ ಬಚ್ಚಲುಗಳ ಸದ್ದೆಲ್ಲ ಕೇಳುವ ಕಿವಿಗೆ ತನ್ನ ಮನೆಯದೇ ಕೇಳಿರಲಿಲ್ಲ.

ಈಗಲಾದರೂ ತಪ್ಪಾಯಿತು ಎನ್ನುತ್ತಾರೆಂದು ನಾವೆಲ್ಲ ಅಂಗಳದಲ್ಲಿ ಕಾದು ನಿಂತೆವು. ಅವರು ಒಳಗೆ ಹೋಗಿ ತಮ್ಮ ಮನೆಯ ವಾಲ್ವನ್ನು ಪೂರ್ತಿ ಮುಚ್ಚಿ ಬಂದರು. ಅದು ಆ ತಿಂಗಳು ಪೂರ್ತಿ ಮುಚ್ಚಿಯೇ ಇತ್ತು. ಬಕೆಟ್ ಹಿಡಿದುಕೊಂಡು ಬೋರಿನ ಹತ್ತಿರ ಹೋಗಿ ಉಪ್ಪುನೀರಿನಲ್ಲೇ ಎಲ್ಲ ಮಾಡಿಕೊಂಡರು. ರೇಖಾಳಿಗೆ ಮಾತ್ರ, ವಾರಕ್ಕೊಂದು ಸಲ ಮೆಷಿನ್ ಹಾಕ್ಕೊಳ್ರಿ ಎಂದರು. ಕ್ಷಮೆಯ ಒಂದು ಮಾತು ಬರಲಿಲ್ಲ. ಮಾತಿನಲ್ಲಿ ಮುಗಿಯುವುದನ್ನು ಹೀಗೆ ತಿಂಗಳುಗಟ್ಟಲೆ ಎಳೆಯುವವರ ಜೊತೆ ಜಗಳವಾದರೂ ಹೇಗೆ ಆಡುವುದು?

ವಠಾರದೊಳಗಿನ ಕಾಟ ಸಾಲದೆಂದು ಅವರು ಬೀದಿಗೂ ಇಳಿದಿದ್ದರು. ನಮ್ಮ ಎದುರು ಬಟ್ಟೆ ಅಂಗಡಿಯ ಬಸವರಾಜಪ್ಪನವರ ಮನೆ. ಹೊಸ ಮನೆ, ದೊಡ್ಡ ಗೇಟು. ನಲ್ಲಿಯಲ್ಲಿ ನೀರು ಬಂದ ಕೂಡಲೇ ಅವರ ಮನೆಯಲ್ಲಿ ಮೋಟಾರು ಗುಂಯ್ ಎನ್ನುತ್ತಿತ್ತು. ನಲ್ಲಿಯ ಪೈಪಿಗೇ ಮೋಟಾರು ಸಿಕ್ಕಿಸಿ ಎಳೆಯುವುದು. ಅವರು ಹಾಕಿದರೆಂದು ಪಕ್ಕದವರು, ಪಕ್ಕದವರು ಹಾಕಿದರೆಂದು ಆಚೆಯವರು. ಬೀದಿಯ ಮೇಲ್ತುದಿಯವರು ಎಳೆದು ಮುಗಿಸುವಷ್ಟರಲ್ಲಿ ಕೆಳತುದಿಯ ಹೆಂಚಿನ ಮನೆಗಳ ನಲ್ಲಿ ಬರೀ ಗಾಳಿ ಉಗುಳುತ್ತಿತ್ತು. ಆ ಹೆಂಗಸರು ಖಾಲಿ ಕೊಡ ಹಿಡಿದು ನಮ್ಮ ಗೇಟಿನ ಮುಂದೆ ಹಾದು ಹೋಗುತ್ತಿದ್ದರು. ಬಸವರಾಜಪ್ಪನವರು ಅದೇ ನೀರಿನಲ್ಲಿ ಕಾರು ತೊಳೆಸಿ, ಮನೆ ಮುಂದಿನ ರಸ್ತೆಗೂ ಧೂಳು ಏಳದಂತೆ ಹೊಡೆಸುತ್ತಿದ್ದರು.

ನೀರು ಬಿಟ್ಟ ದಿನ ಓನರಮ್ಮ ಮನೆಮನೆಗೆ ನುಗ್ಗಿ ಮೋಟಾರಿನ ಸ್ವಿಚ್ಚು ಆರಿಸಿ ಬರುವರು. ಕೇಳಿ ಅಲ್ಲ, ನೇರವಾಗಿ ಒಳಗೆ ಹೋಗಿ. ಜನ ಅವರ ಹಿಂದೆಯೇ ಮತ್ತೆ ಹಾಕುವರು. ಬಸವರಾಜಪ್ಪನವರು ಒಂದು ದಿನ ಗೇಟಿನಲ್ಲೇ ತಡೆದು, ನನ್ನ ಕರೆಂಟು, ನನ್ನ ಮೋಟ್ರು, ನಿಮಗೇನ್ರಿ ಎಂದು ಕೇಳಿದರು. ನೀರು ಯಾರದು ಎಂದು ಇವರು. ಅಷ್ಟಕ್ಕೇ ಹಟ ಹಿಡಿದು ಅವರು ತಮ್ಮ ಕಾಂಪೌಂಡಿನಲ್ಲಿ ಬೋರ್ ಕೊರೆಸಿದರು, ನಮ್ಮ ಬೋರಿನ ಎದುರಿಗೇ. ಧೂಳೆಲ್ಲ ನಮ್ಮ ಒಗೆದ ಬಟ್ಟೆಯ ಮೇಲೆ. ಲಾರಿ ಹೋಗುವವರೆಗೆ ಓನರಮ್ಮ ಕಟ್ಟೆಯ ಮೇಲೆ ಕೂತು ನೋಡಿದರು. ಅದೊಂದು ದಿನ ಅವರು ಯಾರಿಗೂ ಬೈಯಲಿಲ್ಲ.

ಮುಂದಿನ ಬೇಸಿಗೆಗೆ ನಮ್ಮ ಬೋರು ಕೆಮ್ಮತೊಡಗಿತು. ಆಮೇಲೆ ಅವರದೂ ನಿಂತಿತು. ಸರಿಯಾಗಿ ಅದೇ ಹೊತ್ತಿಗೆ, ಊರಿಗೆ ನೀರು ತರುವ ದೊಡ್ಡ ಪೈಪು ದೂರದಲ್ಲೆಲ್ಲೋ ಒಡೆದು ನಲ್ಲಿಯೂ ಬಂದ್ ಆಯಿತು. ಇವತ್ತು ಸರಿಹೋಗುತ್ತದೆ, ನಾಳೆ ಸರಿಹೋಗುತ್ತದೆ ಎಂದು ದಿನ ದೂಡಿದರು. ಬೀದಿಗೆ ಟ್ಯಾಂಕರ್ ಬಂದರೆ ಕೊಡಗಳು ಒಂದರ ಮೇಲೊಂದು ಬಿದ್ದು ನುಗ್ಗಾಗುತ್ತಿದ್ದವು. ಕೈ ಕುಯ್ದುಕೊಂಡು, ಹಣೆ ಒಡೆದುಕೊಂಡು ಆಸ್ಪತ್ರೆಗೆ ಬಂದವರಿಗೆ ನಾನೇ ಬ್ಯಾಂಡೇಜು ಕಟ್ಟಿದೆ.

ನಮ್ಮ ವಠಾರದಲ್ಲಿ ಮಾತ್ರ ಅಂಗಳದ ಸಂಪು ತುಂಬಿತ್ತು. ಹಿಂದಿನ ಮಳೆಗಾಲದ ನೀರು. ನಾವು ಅರ್ಧಂಬರ್ಧ ಸ್ನಾನ ಮಾಡಿ, ಬೈಸಿಕೊಂಡು, ಪಾತ್ರೆ ತೊಳೆದ ನೀರಿನಲ್ಲಿ ನೆಲ ಒರೆಸಿ ಉಳಿಸಿದ ನೀರು. ಸದ್ಯ ನಮಗೊಂದು ಯೋಚನೆಯಿಲ್ಲ ಎಂದುಕೊಂಡೆವು. ಆಗ ಓನರಮ್ಮ ಗೇಟು ತೆರೆದು ಬೀದಿಗೆ ಹೇಳಿ ಕಳಿಸಿದರು: ಮನೆಗೆ ಇಷ್ಟು ಕೊಡ ಎಂದು ದಿನಾ ಕೊಡುತ್ತೇನೆ. ಕೆಳತುದಿಯ ಮನೆಗಳಿಗೆ ಸುಮ್ಮನೆ. ಮೋಟಾರು ಇರುವವರು ಅದನ್ನು ಬಿಚ್ಚಿಟ್ಟು ಬರಬೇಕು.

ವಠಾರದ ನಾವೆಲ್ಲ ಕೆರಳಿದೆವು. ಎಲ್ಲರ ಪರವಾಗಿ ಮಾತಾಡಲು ನನ್ನನ್ನು ಮುಂದೆ ನೂಕಿದರು. ನಮ್ಮ ಮನೆಯವರು ಮಾತ್ರ ಬರಲಿಲ್ಲ, ಅಮ್ಮ ಹೇಳೋದು ಸರಿ ಐತೆ ಎಂದು ಒಳಗೇ ಪೇಪರ್ ಓದುತ್ತ ಕೂತರು. ಅದು ಇನ್ನೊಂದು ಸಿಟ್ಟು.

ನಮಗೆ ಒಂದು ಚೊಂಬಿಗೂ ಲೆಕ್ಕ ಕೇಳಿದಿರಿ, ಈಗ ರಸ್ತೆ ತೊಳೆದವರಿಗೆ ನಮ್ಮ ನೀರು ಹಂಚುತ್ತೀರಾ ಎಂದು ಕೇಳಿದೆ. ಅವರು ಹುಣಸೆಹಣ್ಣು ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಕೊಡದಿದ್ರೆ ಏನ್ಮಾಡ್ತಾರೆ ಹೇಳ್ರಿ. ಇನ್ನೊಂದು ಬೋರ್ ಕೊರಸ್ತಾರೆ. ಅದು ಬತ್ತಿದ್ರೆ ಮತ್ತೊಂದು. ನಮ್ಮದೂ ಮುಗೀತು, ಅವರದೂ ಮುಗೀತು. ಪುಣ್ಯಕ್ಕೆ ಕೊಡ್ತಿಲ್ಲ ನಾನು."

"ಈಗ ನಲ್ಲಿಯಲ್ಲಿ ನೀರೇ ಇಲ್ಲ. ಮೋಟಾರು ಬಿಚ್ಚಿಸಿ ಏನು ಬರುತ್ತೆ?"

"ನೀರು ಇದ್ದಾಗ ಯಾರಾದ್ರೂ ಬಿಚ್ತಾರಾ? ಬಾಯಾರಿದಾಗ್ಲೇ ಬಿಚ್ಚಿಸಬೇಕು."

ಮೊದಮೊದಲು ಯಾರೂ ಬರಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಪ್ಲಂಬರನನ್ನು ಕರೆಸಿದರು. ಓನರಮ್ಮ ಖುದ್ದಾಗಿ ಹೋಗಿ, ಪೈಪು ನೋಡಿ, ಕೈಯಾಡಿಸಿ, ಆಮೇಲೆಯೇ ಕೊಡ ತುಂಬಿಸುತ್ತಿದ್ದರು. ಉಳಿದವರು ಬಸವರಾಜಪ್ಪ ಒಬ್ಬರೇ. ಅವರು ದುಡ್ಡು ಕೊಟ್ಟು ಖಾಸಗಿ ಟ್ಯಾಂಕರ್ ತರಿಸುತ್ತಿದ್ದರು. ನಂತರ ಟ್ಯಾಂಕರಿನವರಿಗೂ ನೀರು ಸಿಗದಂತಾಯಿತು.

ಅವರ ಮನೆಯಲ್ಲಿ ತಾಯಿ ಇದ್ದರು. ಲಕ್ವಾ ಹೊಡೆದು ಹಾಸಿಗೆ ಹಿಡಿದ ಮುದುಕಿ, ಬೆನ್ನಿಗೆ ಹುಣ್ಣು. ಡ್ರೆಸ್ಸಿಂಗ್ ಮಾಡಲು ನಾನು ದಿನಾ ಹೋಗುತ್ತಿದ್ದೆ. ಆ ವಾರ ಹೋದಾಗ ಹಾಸಿಗೆಯ ಬಟ್ಟೆ ಬದಲಿಸಿರಲಿಲ್ಲ. ಸೊಸೆ ಬಾಗಿಲ ಹಿಂದೆ ನಿಂತು, ಒಗೆಯಾಕೆ ನೀರಿಲ್ಲ ಸಿಸ್ಟರ್ ಎಂದಳು. ಹುಣ್ಣು ತೊಳೆಯಲು ಅವಳು ತಂದುಕೊಟ್ಟದ್ದು ಕ್ಯಾನಿನ ತಳದಲ್ಲಿದ್ದ ಕುಡಿಯುವ ನೀರು. ಮುದುಕಿ ಮಾತಾಡಲಾರದೆ ನನ್ನನ್ನೇ ನೋಡುತ್ತಿತ್ತು.

ಅಲ್ಲಿಂದ ಸೀದಾ ಓನರಮ್ಮನ ಹತ್ತಿರ ಹೋದೆ. ನಿಮ್ಮ ಜಗಳ ಮಗನ ಜೊತೆ, ತಾಯಿಯ ಜೊತೆಯಲ್ಲ. ಒಂದು ಬಕೆಟ್ ಕೊಡಿ ಎಂದೆ. ನಾನು ಅವರನ್ನು ಏನನ್ನಾದರೂ ಬೇಡಿದ್ದು ಅದೇ ಮೊದಲು.

"ಮೋಟ್ರು ಬಿಚ್ಚಲಿ," ಎಂದರು.

"ಆ ಅಜ್ಜಿ ಮೋಟಾರು ಹಾಕಿದ್ದಾಳಾ?"

"ಇಲ್ಲ. ಆದ್ರೆ ನಾನು ಈಗ ಕೊಟ್ರೆ ಆತ ಯಾವತ್ತೂ ಬಿಚ್ಚಾಕಿಲ್ಲ. ಆತ ಬಿಚ್ಚಲಿಲ್ಲ ಅಂತ ಉಳಿದೋರೆಲ್ಲ ಮತ್ತೆ ಹಾಕ್ತಾರೆ."

ನನ್ನ ಮೈ ಉರಿದುಹೋಯಿತು. ಕಲ್ಲು ಎಂದೆ, ಇನ್ನೂ ಏನೇನೋ ಎಂದೆ. ಅವರು, ನಿಮ್ಮ ಪಾಲಿನ ನೀರು ನೀವು ಏನು ಬೇಕಾದರೂ ಮಾಡಿಕೊಳ್ಳಿ, ಅದಕ್ಕೆ ನಾನು ಕೇಳುವವಳಲ್ಲ, ಆದರೆ ಹೆಚ್ಚಿಗೆ ಕೊಡುವುದಿಲ್ಲ ಎಂದರು.

ಅವತ್ತಿನಿಂದ ನನ್ನ ಪಾಲಿನ ಬಕೆಟ್ಟನ್ನು ನಾನು ಎದುರು ಮನೆಗೆ ಒಯ್ಯತೊಡಗಿದೆ. ಎಲ್ಲರಿಗೂ ಕಾಣುವ ಹಾಗೆ, ಓನರಮ್ಮನ ಕಟ್ಟೆಯ ಮುಂದಿನಿಂದಲೇ. ನಮ್ಮ ಮನೆಯಲ್ಲಿ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡೆವು, ಒಂದೇ ತಟ್ಟೆಯಲ್ಲಿ ಉಂಡೆವು. ಎರಡು ಮೂರು ದಿನವಾದ ಮೇಲೆ ರೇಖಾ ತನ್ನ ಪಾಲಿನಲ್ಲಿ ಅರ್ಧ ತಂದು ನನ್ನ ಬಕೆಟ್ಟಿಗೆ ಸುರಿದಳು. ಶಿವಕುಮಾರ ಗೊಣಗುತ್ತಲೇ ತನ್ನ ಕೊಡ ತಂದಿಟ್ಟ. ಬೆಳಿಗ್ಗೆ ನಾನು ಬಕೆಟ್ ಎತ್ತಿಕೊಂಡು ಹೊರಟರೆ ಓನರಮ್ಮ ಕಟ್ಟೆಯಿಂದಲೇ, ಮುದುಕಿ ಹೆಂಗೈತೆ ಎಂದು ಕೇಳುವರು. ನಾನು ತಿರುಗಿ ನೋಡದೆ ರಸ್ತೆ ದಾಟುತ್ತಿದ್ದೆ. ಮರುದಿನವೂ ಕೇಳುವರು.

ಬಸವರಾಜಪ್ಪನವರು ಒಂದು ಬೆಳಿಗ್ಗೆ ಅಂಗಡಿಗೆ ಹೊರಟವರು ಗೇಟಿನಲ್ಲಿ ನನಗೆ ಎದುರಾದರು. ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದು ಕೈಯಲ್ಲಿ ಡ್ರೆಸ್ಸಿಂಗ್ ಸಾಮಾನು. ನೀರು ತುಳುಕಿ ನನ್ನ ಯೂನಿಫಾರ್ಮಿನ ಅಂಚು ಒದ್ದೆಯಾಗಿತ್ತು. ಅವರು ಬಕೆಟ್ಟಿಗೆ ಕೈ ಹಾಕಿದರು, ನಾನೇ ಒಯ್ತೀನಿ ಬಿಡ್ರಿ ಎಂದರು. ಒಳಗೆ ತಾಯಿಯ ಕೋಣೆಯಲ್ಲಿ ಇಟ್ಟರು. ನಾನು ಹುಣ್ಣು ತೊಳೆಯುವುದನ್ನು ಅವರು ಅಷ್ಟು ದಿನದಲ್ಲಿ ಮೊದಲ ಸಲ ನಿಂತು ನೋಡಿದರು. ಮಧ್ಯಾಹ್ನ ಪ್ಲಂಬರ್ ಬಂದ. ಸಂಜೆ ಅವರ ಹೆಂಡತಿ ಕೊಡ ಹಿಡಿದು ನಮ್ಮ ಗೇಟಿಗೆ ಬಂದಳು. ಓನರಮ್ಮ ಪೈಪು ನೋಡಲು ಹೋಗಲಿಲ್ಲ. ಎಲ್ಲರಿಗಿಂತ ಮೊದಲು ಅವಳ ಕೊಡವನ್ನೇ ತುಂಬಿಸಿದರು. ತುಂಬಿಸಿ, ನಿಮ್ಮ ಚಾವಣಿ ದೊಡ್ಡದೈತೆ, ಮಳೆಗಾಲ ಬರೋದರೊಳಗೆ ಪೈಪು ಇಳಿಸಿ ಆ ಬತ್ತಿದ ಬೋರಿನ ಪಕ್ಕ ನೀರು ಇಂಗೋ ಗುಂಡಿ ತೆಗೆಸಾಕೆ ನಿಮ್ಮ ಯಜಮಾನರಿಗೆ ಹೇಳ್ರಿ ಎಂದು ಆಗಲೇ ಮುಂದಿನ ಕಾಟ ಶುರು ಮಾಡಿದರು.

ಪೈಪು ದುರಸ್ತಿಯಾಗಿ ನಲ್ಲಿಯಲ್ಲಿ ನೀರು ಬಂದ ದಿನ ಬೀದಿಯಲ್ಲಿ ಒಂದೂ ಮೋಟಾರಿನ ಸದ್ದಿರಲಿಲ್ಲ. ಕೆಳತುದಿಯ ಹೆಂಗಸರು ತಮ್ಮ ಮನೆಯ ನಲ್ಲಿಯ ಮುಂದೆಯೇ ಕೂತು ನೀರು ಹಿಡಿದರು. ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ, ಓನರಮ್ಮನ ಹತ್ತಿರ ಹೋಗಿ ಕೇಳಿದೆ: ಆತ ಬಿಚ್ಚದೇ ಇದ್ದಿದ್ದರೆ? ಅಷ್ಟರಲ್ಲಿ ಆ ಅಜ್ಜಿ ಸತ್ತುಹೋಗಿದ್ದರೆ?

"ಸತ್ತಿದ್ರೆ ನಾನು ಮಾಡಿದ್ದು ತಪ್ಪಾಗ್ತಿತ್ತು," ಎಂದರು. ಆಮೇಲೆ, ನನಗೆ ಗೊತ್ತಿರಬೇಕಾದ್ದನ್ನು ಹೇಳುವ ಹಾಗೆ, "ನೀವು ಒಯ್ದೇ ಒಯ್ತೀರಿ ಅಂತ ಗೊತ್ತಿತ್ತಲ್ಲ. ನೀವು ಒಯ್ಯದಿದ್ರೆ ನಾನೇ ಕೊಡ್ತಿದ್ದೆ."

ನನ್ನ ಕರುಣೆಯನ್ನೂ ಈ ಹೆಂಗಸು ಟ್ಯಾಂಕಿನ ನೀರಿನ ಹಾಗೆ ಬಡಿದು ನೋಡಿ, ಎಷ್ಟಿದೆ ಎಂದು ತಿಳಿದು, ಬೇಕಾದ ಕಡೆ ತಿರುಗಿಸಿಕೊಂಡಿತ್ತು. ಅವತ್ತು ಮನೆಗೆ ಬಂದು ನಮ್ಮ ಮನೆಯವರ ಮುಂದೆ, ನಾವು ಬೇರೆ ಮನೆ ನೋಡಲೇಬೇಕು ಎಂದು ಹಟ ಹಿಡಿದೆ. ಅವರು ನೋಡೋಣ ಎಂದರು. ನೋಡಲಿಲ್ಲ. ನಾನೂ ಮತ್ತೆ ಕೇಳಲಿಲ್ಲ.

ಎಲ್ಲವೂ ಸರಿಹೋಯಿತು ಎಂದು ಹೇಳಲು ನನಗೂ ಆಸೆ. ಆದರೆ ದೀಪಾವಳಿ ಬರುವುದರೊಳಗೆ ಮೇಲ್ತುದಿಯ ಒಂದೆರಡು ಮನೆಗಳಲ್ಲಿ ಮೋಟಾರು ಮತ್ತೆ ಗುಂಯ್ ಎನ್ನತೊಡಗಿತು. ಓನರಮ್ಮ ಮತ್ತೆ ಸೆರಗು ಸಿಕ್ಕಿಸಿಕೊಂಡು ಹೊರಟರು. ಬಸವರಾಜಪ್ಪನವರು ಮಾತ್ರ ಮತ್ತೆ ಹಾಕಲಿಲ್ಲ, ಚಾವಣಿಯ ಪೈಪನ್ನೂ ಇಳಿಸಿದರು. ಇಳಿಸಿದ್ದು ಓರೆಯಾಗಿದೆ ಎಂದು ಓನರಮ್ಮ ಅದಕ್ಕೂ ಬೈದರು.

ನನಗೆ ಹೊನ್ನಾಳಿಗೆ ವರ್ಗವಾಯಿತು. ಲಾರಿಗೆ ಸಾಮಾನು ತುಂಬುವಾಗ ಅವರು ಕಟ್ಟೆಯ ಮೇಲೆ ಕೂತಿದ್ದರು. ಹೊಳೆ ದಂಡೆಗೆ ಹೋಗ್ತೀರಿ, ಇನ್ನು ನಿಮ್ಮನ್ನ ಹಿಡಿಯೋರೇ ಇಲ್ಲ ಎಂದರು. ಅದು ಹಾರೈಕೆಯೋ ಬೈಗುಳವೋ ತಿಳಿಯಲಿಲ್ಲ.

ಓನರಮ್ಮ ತೀರಿಹೋದ ಸುದ್ದಿಯನ್ನು ಫೋನಿನಲ್ಲಿ ಹೇಳಿದ್ದು ಬಸವರಾಜಪ್ಪನವರು. ನಾವು ಜಗಳೂರಿಗೆ ಹೋದೆವು. ಅಂಗಳದಲ್ಲಿ ಶಾಮಿಯಾನ ಹಾಕಿದ್ದರು, ಬೀದಿಯವರೆಲ್ಲ ಕೂತಿದ್ದರು. ಸಾವಿನ ಮನೆಯಲ್ಲಿ ಸತ್ತವರ ಗುಣಗಾನ ಮಾಡುತ್ತಾರಲ್ಲ, ಅಲ್ಲಿ ಯಾರಿಗೂ ಅದು ಬರಲಿಲ್ಲ. ಕೆಳತುದಿಯ ಹೆಂಗಸೊಬ್ಬಳು, ಸೋರುವ ಕೊಡ ತಂದಿದ್ದಕ್ಕೆ ವಾಪಸ್ ಕಳಿಸಿದ್ರು ನನ್ನನ್ನ ಎಂದಳು. ಶಿವಕುಮಾರ, ಮುಖಕ್ಷೌರಕ್ಕೆ ಚೊಂಬು ಹಿಡಿದು ನಿಂತಾಗ ಬೈದದ್ದು ಹೇಳಿದ. ಬಸವರಾಜಪ್ಪನವರು, ನನ್ನ ಹತ್ರ ಒಂದು ದಿನಾನೂ ನಗಲಿಲ್ಲ ಕಣ್ರೀ ಎಂದರು, ಹೇಳುತ್ತ ಕಣ್ಣು ಒರೆಸಿಕೊಂಡರು. ದಾವಣಗೆರೆಯ ಮಗಳು ಎಲ್ಲ ಕೇಳಿ, "ನೀವು ಬಾಡಿಗೆ ಇದ್ದೋರು. ನಾನು ಹೊಟ್ಟೆಯಾಗೆ ಹುಟ್ಟಿದೋಳು, ನನ್ನ ಕಥೆ ಹೆಂಗಿರಬೇಕು ನೋಡ್ರಿ," ಎಂದಳು. ಶಾಮಿಯಾನದ ಕೆಳಗೆ ಎಲ್ಲರೂ ನಕ್ಕರು. ರೇಖಾ ಒಬ್ಬಳೇ ನಗಲಿಲ್ಲ. ಎದ್ದು ಒಳಗೆ ಹೋಗಿ ಜೋರಾಗಿ ಅತ್ತಳು.

ಮಗಳು ವಠಾರ ಮಾರಲಿಲ್ಲ. ಸಂಪಿನ ಬೀಗದ ಕೀಲಿ ಯಾರಾದರೂ ಇಟ್ಟುಕೊಳ್ಳಿ ಎಂದಳು. ಅದು ಯಾರಿಗೂ ಬೇಡವಾಗಿತ್ತು. ಕಡೆಗೆ ರೇಖಾಳ ಕೈಗೆ ಹೋಯಿತು ಎಂದು ಆಮೇಲೆ ತಿಳಿಯಿತು.

ಮೊನ್ನೆ ಶಿವಕುಮಾರ ಫೋನ್ ಮಾಡಿದ್ದ. ಅವನಿಗೆ ಮದುವೆಯಾಗಿದೆ, ಈಗ ನಾವಿದ್ದ ಮನೆಯಲ್ಲಿದ್ದಾನೆ. ಕುಶಲ ಕೇಳಿದ ಶಾಸ್ತ್ರ ಮುಗಿದ ಕೂಡಲೇ ಶುರು ಮಾಡಿದ.

"ಆ ರೇಖಕ್ಕನ ಜೊತೆ ಏಗಾಕೆ ಆಗ್ತಿಲ್ಲ ಸಿಸ್ಟರ್. ನೆಂಟರು ಬಂದ್ರೆ ಮುಂಚೇನೇ ಹೇಳ್ಬೇಕಂತೆ. ಅಂಗಳದಾಗೆ ಎಲ್ಲರ ಮುಂದೆ ಬೈತಾರೆ. ನೀವಾದ್ರೂ ಒಂದು ಮಾತು ಹೇಳ್ರಿ."

ಬೀದಿಯಲ್ಲಿ ಮೋಟಾರು ಯಾರಾದರೂ ಹಾಕಿದ್ದಾರಾ ಎಂದು ಕೇಳಿದೆ.

"ಹಾಕಾಕೆ ಆಯಮ್ಮ ಬಿಟ್ರೆ ತಾನೆ," ಎಂದ. ಮತ್ತೆ ಬೈಯಲು ಶುರು ಮಾಡಿದ. ಬೆಳಿಗ್ಗೆ ಏನಂದಳು, ಸಂಜೆ ಏನಂದಳು, ಅವನ ಹೆಂಡತಿಗೆ ಏನಂದಳು ಎಂದು ಒಂದೂ ಬಿಡದೆ ಹೇಳಿದ. ಒಲೆಯ ಮೇಲೆ ಹಾಲು ಕಾಯುತ್ತಿತ್ತು, ಡ್ಯೂಟಿಗೆ ಹೊತ್ತಾಗುತ್ತಿತ್ತು. ನಾನು ಹಾಲು ಇಳಿಸಿ, ಸ್ಟೂಲು ಎಳೆದುಕೊಂಡು ಕೂತು, ಅವನು ಪೂರ್ತಿ ಹೇಳಿ ಮುಗಿಸುವವರೆಗೂ ಕೇಳಿದೆ.